ಆನೆ ನೋಡೋಕೆ ಇಷ್ಟು ದೂರ ಬಂದ್ರಾ?

ಟಾಂಜಾನಿಯಾ ಸುತ್ತಿ ಬಂದು ತಿಂಗಳಾಯಿತು. ಸಿಕ್ಕವರೆಲ್ಲ ಸಿಂಹ ಕಂಡಿತಾ ಅಂತಲೇ ಕೇಳುತ್ತಾರೆ. ಕಂಡಿತು. ಒಂದಲ್ಲ, ಹದಿನಾಲ್ಕು. ನಮ್ಮನೆಯವರು ತೆಗೆದ ಆರುನೂರು ಫೋಟೋಗಳಲ್ಲಿ ನಾನೂರು ಅವುಗಳದ್ದೇ, ಅದರಲ್ಲೂ ಮುನ್ನೂರರಲ್ಲಿ ಸಿಂಹ ಮಲಗಿದೆ. ನಾನು ಬರೆಯೋಕೆ ಕೂತಿದ್ದು ಅದಕ್ಕಲ್ಲ. ಕರಾಟು ಅನ್ನೋ ಊರಿನ ಕಾಫಿ ತೋಟದ ಲಾಡ್ಜಿನಲ್ಲಿ, ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ನಮ್ಮನ್ನು ರೂಮಿಗೆ ಬಿಡೋಕೆ ಬರುತ್ತಿದ್ದ ಕಾವಲಿನ ಮುದುಕರೊಬ್ಬರಿದ್ದರು. ಅವರ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ನಮ್ಮದು ಮೂಡಿಗೆರೆ ಕಡೆ. ಕಾಫಿ, ಮೆಣಸು, ಒಂದಿಷ್ಟು ಅಡಿಕೆ. ತಮ್ಮ ಆರು ವರ್ಷದಿಂದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದಾನೆ, ಅವನ ಹತ್ತಿರ ಹಳೇ ಪ್ರಾಡೊ ಒಂದಿದೆ. "ಅಕ್ಕ, ಕೊಯ್ಲು ಶುರುವಾಗೋಕೆ ಮುಂಚೆ ಭಾವನ್ನ ಕರ್ಕೊಂಡು ಬಂದ್ಬಿಡು, ಗಾಡಿಯಲ್ಲೇ ಸುತ್ತೋಣ" ಅಂದ. ಸೆಪ್ಟೆಂಬರ್‌ನಲ್ಲಿ ಹೊರಟೆವು. ನಮ್ಮಲ್ಲಿ ಜಿಟಿಜಿಟಿ ಮಳೆ, ಅಲ್ಲಿ ಒಣಹವೆ, ಕಾಡಿನಲ್ಲಿ ಹುಲ್ಲು ಒಣಗಿ ಪ್ರಾಣಿಗಳೆಲ್ಲ ನೀರಿನ ಹತ್ತಿರ ಬಂದು ಸೇರೋ ಕಾಲ.

ದಾರ್‌ನಿಂದ ಅರುಷಾಕ್ಕೆ ಆರುನೂರು ಕಿಲೋಮೀಟರ್‌ಗೂ ಮೇಲೆ. ದಾರಿಯುದ್ದಕ್ಕೂ ಕತ್ತಾಳೆ ತೋಟಗಳು, ಗೆರೆ ಎಳೆದ ಹಾಗೆ. ಊರು ಬಂದ ಕೂಡಲೇ 50ರ ವೇಗಕ್ಕೆ ಇಳಿಯಬೇಕು, ಇಳಿಯದಿದ್ದರೆ ಬಿಳಿ ಯೂನಿಫಾರ್ಮಿನ ಪೊಲೀಸರು ಮರದ ಹಿಂದಿನಿಂದ ಎದ್ದು ಬರುತ್ತಾರೆ. ತಮ್ಮ ಎರಡು ಸಲ ದಂಡ ಕಟ್ಟಿದ, ಒಂದೊಂದಕ್ಕೂ ಮೂವತ್ತು ಸಾವಿರ ಶಿಲ್ಲಿಂಗ್. ನಡುವೆ ಮೊಂಬೊ ಅನ್ನೋ ಊರಲ್ಲಿ ಬಲಕ್ಕೆ ತಿರುಗಿ ಘಾಟಿ ಹತ್ತಿ ಲುಶೋಟೋದಲ್ಲಿ ಎರಡು ರಾತ್ರಿ ಇದ್ದೆವು. ಉಸಂಬರ ಬೆಟ್ಟಗಳ ಮೇಲಿನ ತಂಪು ಊರು, ಹಿಂದೆ ಜರ್ಮನ್ನರು ವಿಲ್ಹೆಲ್ಮ್‌ಸ್ಟಾಲ್ ಅಂತ ಹೆಸರಿಟ್ಟು ಬಿಸಿಲು ತಪ್ಪಿಸಿಕೊಳ್ಳೋಕೆ ಬರುತ್ತಿದ್ದ ಜಾಗ. ಚೆನ್ನಾಗಿದೆ. ಆದರೆ ಮಲೆನಾಡಿನವರು ಮಂಜು ನೋಡೋಕೆ ಅಷ್ಟು ದೂರ ಹೋಗಬೇಕಾಗಿಲ್ಲ. ದಾರಿಬದಿಯ ಗೂಡಂಗಡಿಯಲ್ಲಿ ತಿಂದ ಚಿಪ್ಸಿ ಮಯಾಯಿ, ಅಂದರೆ ಆಲೂಗಡ್ಡೆ ಫ್ರೈ ಮೇಲೆ ಮೊಟ್ಟೆ ಒಡೆದು ಹಾಕಿದ ಆಮ್ಲೆಟ್, ಅದು ಮಾತ್ರ ಇಡೀ ಪ್ರವಾಸದಲ್ಲಿ ನಾನು ತಿಂದ ಒಳ್ಳೇ ಊಟ. ಲಾಡ್ಜುಗಳ ಬಫೆ ಅದರ ಮುಂದೆ ಏನೂ ಅಲ್ಲ.

ತರಂಗಿರೆ ಅನ್ನೋ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿಗೆ ಒಂದು ಮಾತು. ನೀಲಿ, ಕಪ್ಪು ಬಟ್ಟೆ ಹಾಕಬೇಡಿ. ಅಲ್ಲಿ ತ್ಸೆತ್ಸೆ ಅಂತ ಒಂದು ನೊಣ ಇದೆ, ಪ್ಯಾಂಟಿನ ಮೇಲಿಂದಲೇ ಕಚ್ಚುತ್ತೆ. ಆ ಎರಡು ಬಣ್ಣ ಕಂಡರೆ ಅದಕ್ಕೆ ಎಲ್ಲಿಲ್ಲದ ಪ್ರೀತಿ. ಹಿಡಿಯೋಕೆ ಅಂತಲೇ ಅಲ್ಲಲ್ಲಿ ಮರಕ್ಕೆ ನೀಲಿ-ಕಪ್ಪು ಬಟ್ಟೆಯ ಬಲೆ ನೇತುಹಾಕಿರುತ್ತಾರೆ. ನಮ್ಮನೆಯವರು ನೀಲಿ ಜೀನ್ಸು, ಕಪ್ಪು ಟೀ ಶರ್ಟು. ತಮ್ಮ ಒಂದು ಮಾತು ಮೊದಲೇ ಹೇಳಬಹುದಿತ್ತಲ್ವಾ? "ಮರೆತೆ ಭಾವ" ಅಂದ. ಅವನ ಭಾವ ಆ ರಾತ್ರಿ ತುರಿಸಿಕೊಳ್ಳುತ್ತಾ ಕೂತರು.

ತರಂಗಿರೆ ಹೊಳೆಯ ಹತ್ತಿರ ಆನೆಗಳ ಹಿಂಡು ಕಂಡಿತು. ಎಣಿಸೋಕೆ ಹೋಗಿ ಎಂಬತ್ತಕ್ಕೆ ಬಿಟ್ಟೆ. ದಪ್ಪ ದಪ್ಪ ಬಾವೊಬಾಬ್ ಮರಗಳ ಕೆಳಗೆ ಮರಿ, ತಾಯಿ, ಅಜ್ಜಿ ಎಲ್ಲ ಸೇರಿ ಧೂಳು ಎರಚಿಕೊಳ್ಳುತ್ತಿದ್ದವು. ಪಕ್ಕದ ಗಾಡಿಯ ಬಿಳಿಯ ಹೆಂಗಸೊಬ್ಬರು ಕಣ್ಣೀರು ಹಾಕುತ್ತಿದ್ದರು, ಖುಷಿಗೆ. ನನ್ನ ಕೈ ಸೀಟನ್ನು ಗಟ್ಟಿಯಾಗಿ ಹಿಡಿದಿತ್ತು, ಕಣ್ಣು ಹಿಂದಕ್ಕೆ ಹೋಗೋ ದಾರಿ ಹುಡುಕುತ್ತಿತ್ತು. ಏನು ಮಾಡಲಿ? ನಮ್ಮೂರಲ್ಲಿ ಆನೆ ಅಂದರೆ ಬೆಳಗ್ಗೆ ಐದೂವರೆಗೆ ವಾಟ್ಸಾಪ್ ಗ್ರೂಪಿನಲ್ಲಿ ಬರೋ ಮೆಸೇಜು. ಇಂಥ ತೋಟದಲ್ಲಿ ಮೂರಿವೆ, ಕೆಲಸದವರನ್ನು ಕಳಿಸಬೇಡಿ, ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡೋವಾಗ ಹುಷಾರು. ಅಷ್ಟೇ. ದುಡ್ಡು ಕೊಟ್ಟು ನೋಡೋ ಸಂಗತಿ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಅಲ್ಲಿಂದ ಕರಾಟು. ಮ್ಟೋ ವಾ ಮ್ಬು ಅಂತ ಒಂದು ಊರು ದಾಟಿ (ಸೊಳ್ಳೆ ಹೊಳೆ ಅಂತ ಅರ್ಥವಂತೆ, ಹೆಸರಿಟ್ಟವರು ಪ್ರಾಮಾಣಿಕರು) ಗೋಡೆಯ ಹಾಗೆ ನಿಂತ ಬೆಟ್ಟ ಹತ್ತಿದರೆ ಮೇಲೆ ಕೆಂಪು ಮಣ್ಣು, ತಣ್ಣನೆ ಗಾಳಿ, ಕಾಫಿ. ನೆರಳಿಗೆ ಅದೇ ಸಿಲ್ವರ್ ಓಕ್. ಗಾಡಿ ನಿಲ್ಲೋಕೆ ಮುಂಚೆಯೇ ನಮ್ಮನೆಯವರು ಇಳಿದರು. ಎಲೆ ಮಗುಚಿ ತುಕ್ಕು ರೋಗ ಇದೆಯಾ ನೋಡಿದರು, ಕಾಂಡ ತಟ್ಟಿ ನೋಡಿದರು. ಅಲ್ಲಿ ಒಂದೇ ಬುಡದಿಂದ ಮೂರು-ನಾಲ್ಕು ಕಾಂಡ ಬಿಡುತ್ತಾರೆ, ನಮ್ಮ ಹಾಗೆ ಒಂದೇ ಕಾಂಡ ಬಿಟ್ಟು ತುದಿ ಕತ್ತರಿಸುವುದಿಲ್ಲ. ಒಣಗಿಸೋಕೆ ಕಣ ಇಲ್ಲ, ಸೊಂಟದೆತ್ತರದ ಬಲೆಯ ಮೇಜುಗಳು. ಅದೆಲ್ಲ ಒಪ್ಪಿದರು. "ಇಷ್ಟು ಮರ ಇಟ್ಕೊಂಡು ಒಂದಕ್ಕಾದ್ರೂ ಮೆಣಸು ಹಬ್ಬಿಸಿಲ್ವಲ್ಲ" ಅನ್ನೋದನ್ನು ಮಾತ್ರ ಎರಡು ದಿನ ಹೇಳಿದರು.

ತೋಟ ತೋರಿಸಿದ ಹುಡುಗ ಹಳೇ ಗಿಡಗಳ ಸಾಲಿನ ಹತ್ತಿರ ನಿಂತು "ಇದು ಕೆಂಟ್" ಅಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಕೆಂಟ್ಸ್ ಅಂದರೆ ನಮ್ಮ ತಾತ ಹೇಳುತ್ತಿದ್ದ ಗಿಡ. ಕೆಂಟ್ ಅನ್ನೋ ದೊರೆ ಮೈಸೂರು ಸೀಮೆಯ ತನ್ನ ತೋಟದಲ್ಲಿ 1911ರ ಸುಮಾರಿಗೆ ಗುರುತಿಸಿದ್ದು, ಆಗ ತುಕ್ಕು ರೋಗ ತಡೆದುಕೊಂಡಿತು ಅಂತ ಎಲ್ಲರೂ ಹಾಕಿದರು. ಅದರ ಬೀಜ ಇಲ್ಲಿಗೂ ಬಂದು, ಮೋಶಿ ಹತ್ತಿರದ ಲ್ಯಾಮುಂಗು ಸಂಶೋಧನಾ ಕೇಂದ್ರದಲ್ಲಿ ಅದರಿಂದ ಆರಿಸಿದ ಗಿಡಗಳು ಈ ಕಡೆ ತೋಟಗಳಿಗೆ ಹೋದವು. ನಮ್ಮಲ್ಲಿ ಈಗ ಇರುವ 795 ಅನ್ನೋ ಕಾಫಿ ತಳಿಯ ಅಪ್ಪ-ಅಮ್ಮಂದಿರಲ್ಲಿ ಒಂದು ಇದೇ ಕೆಂಟ್. ಊರಿನ ನೆಂಟರು ಸಿಕ್ಕ ಹಾಗಾಯಿತು. ಬೆಳಗ್ಗೆ ತಿಂಡಿಗೆ ಅವರು ಕೊಟ್ಟ ಉಜಿ ಅನ್ನೋ ಗಂಜಿಯೂ ರಾಗಿಯದ್ದೇ. ಇದು ನಮ್ಮ ಅಂಬಲಿ ಅಂತ ನಾನು ಹೆಮ್ಮೆಯಿಂದ ಹೇಳೋಕೆ ಹೋದೆ. ರಾಗಿ ಆಫ್ರಿಕಾದಿಂದಲೇ ನಮ್ಮಲ್ಲಿಗೆ ಬಂದಿದ್ದು ಅಂತ ತಮ್ಮ ನೆನಪಿಸಿದ. ಸುಮ್ಮನೆ ಕುಡಿದೆ.

ಇನ್ನು ಆ ಕಾವಲಿನವರು. ಅಲ್ಲಿ ಅಸ್ಕಾರಿ ಅನ್ನುತ್ತಾರೆ. ತೋಟದ ಆಚೆಗೇ ಎನ್‌ಗೊರೊಂಗೊರೊ ಕಾಡು, ಹಾಗಾಗಿ ಕತ್ತಲಾದ ಮೇಲೆ ರೂಮಿಂದ ಊಟದ ಮನೆಗೂ ಒಬ್ಬರೇ ನಡೆಯೋ ಹಾಗಿಲ್ಲ. ಅರವತ್ತು ದಾಟಿರಬೇಕು, ಇರಾಕು ಅನ್ನೋ ಸಮುದಾಯದವರು, ಉದ್ದ ಕೋಟು, ಕೈಯಲ್ಲಿ ದೊಣ್ಣೆ. ಹಿರಿಯರಿಗೆ "ಶಿಕಾಮೋ" ಅನ್ನಬೇಕು ಅಂತ ತಮ್ಮ ಹೇಳಿಕೊಟ್ಟಿದ್ದ. ಅಂದೆ. ಅವರು ನಿಂತು, ಟಾರ್ಚ್ ಕೆಳಗಿಳಿಸಿ, "ಮಾರಹಬಾ" ಅಂದರು. ಆಮೇಲೆ ಮಾತು ಶುರುವಾಯಿತು, ತಮ್ಮ ನಡುವೆ ನಿಂತು ಎರಡೂ ಕಡೆಗೆ ಹೇಳುತ್ತಿದ್ದ.

ಬೇಲಿ ತೋರಿಸಿದರು. ಹೋದ ವಾರ ಆನೆ ಮುರಿದಿದ್ದು. ಹೇಗೆ ಓಡಿಸ್ತೀರಿ ಅಂದೆ. ಡಬ್ಬ ಬಡಿಯೋದು, ಟಾರ್ಚ್ ಬಿಡೋದು, ಇನ್ನೊಂದು ಮೆಣಸಿನಪುಡಿ ಪಟಾಕಿ. ಅದನ್ನು ಹೇಗೆ ಮಾಡ್ತಾರೆ ಅಂತ ಅವರು ವಿವರವಾಗಿ ಹೇಳಿದರು, ತಮ್ಮ ಅರ್ಧಕ್ಕೆ ನಿಲ್ಲಿಸಿದ.

"ಏನಂದ್ರೋ?"

"ಒಂದು... ಚೀಲ ಅಕ್ಕ. ರಬ್ಬರ್ ಚೀಲ. ಅದರಲ್ಲಿ ಮೆಣಸಿನಪುಡಿ, ಮಣ್ಣು, ಒಳಗೆ ಪಟಾಕಿ."

"ಯಾವ ರಬ್ಬರ್ ಚೀಲ?"

ನಮ್ಮನೆಯವರು ಕತ್ತಲಲ್ಲಿ ಕೆಮ್ಮಿದರು. ಕಾಂಡೋಮ್ ಅಂತ ಕೊನೆಗೆ ನಾನೇ ಅಂದುಕೊಂಡೆ. ಅಸ್ಕಾರಿ ಜೋರಾಗಿ ನಕ್ಕರು, ಅವರಿಗೆ ಕನ್ನಡ ಬೇಕಾಗಲಿಲ್ಲ.

ನಮ್ಮಲ್ಲೂ ಆನೆ ಬರುತ್ತೆ, ಕಾಫಿ ತೋಟಕ್ಕೇ ಬರುತ್ತೆ ಅಂದೆ. ಅವರು ನಂಬಲಿಲ್ಲ. ಇಂಡಿಯಾದಲ್ಲಿ ಎಷ್ಟು ಇರಬಹುದು, ಹತ್ತು? ತಮ್ಮ ಫೋನ್ ತೆಗೆದು ನೋಡಿ ಹೇಳಿದ, ನಮ್ಮ ಒಂದು ರಾಜ್ಯದಲ್ಲೇ 2023ರ ಗಣತಿಯಲ್ಲಿ 6,395. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಪ್ರಶ್ನೆ ಕೇಳಿದರು. ತಮ್ಮ ನಗುತ್ತಾ ಹೇಳಿದ: "ಹಾಗಾದ್ರೆ ಆನೆ ನೋಡೋಕೆ ಇಷ್ಟು ದೂರ ಯಾಕೆ ಬಂದ್ರಿ ಅಂತಿದ್ದಾರೆ."

ನಾನು ಮಾತು ಬದಲಿಸಿದೆ. ನಮ್ಮಲ್ಲಿ ಆನೆ ಹಿಡಿಯೋಕೆ ಆನೆಯನ್ನೇ ಕಳಿಸ್ತೀವಿ ಅಂದೆ. ಅವರಿಗೆ ಇದು ಕಾಂಡೋಮಿಗಿಂತ ಜಾಸ್ತಿ ತಮಾಷೆ ಅನ್ನಿಸಿತು. ಮತ್ತೆ ಮತ್ತೆ ಕೇಳಿದರು, ಪಳಗಿದ ಆನೆ ಕಾಡಾನೆಯನ್ನು ಹಿಡಿಯುತ್ತಾ? ಮೇಲೆ ಮನುಷ್ಯ ಕೂತಿರ್ತಾನಾ? ಆಗ ಅರ್ಜುನನ ಕಥೆ ಹೇಳಬೇಕಾಯಿತು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತವನು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯೋಕೆ ಹೋಗಿ, ಆ ಕಾಡಾನೆಯ ಜೊತೆ ಕಾದಾಡಿ ಸತ್ತ. ಮಾವುತರು ಹೆಣದ ಮೇಲೆ ಬಿದ್ದು ಅತ್ತಿದ್ದನ್ನು ಟೀವಿಯಲ್ಲಿ ನೋಡಿ ಆ ದಿನ ನಮ್ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆನೆಯಿಂದ ಗದ್ದೆ ಕಳೆದುಕೊಂಡ ನಮ್ಮ ದೊಡ್ಡಪ್ಪ ಕೂಡ.

ತಮ್ಮ ಹೇಳಿ ಮುಗಿಸಿದ. ಅಸ್ಕಾರಿ "ಪೋಲೆ" ಅಂದರು. "ಪೋಲೆ ಸಾನಾ." ನನಗೆ ಗೊತ್ತಿದ್ದಿದ್ದು ಪೋಲೆ ಪೋಲೆ ಒಂದೇ, ನಿಧಾನ ಅಂತ. ಮೆಟ್ಟಿಲು ಇದೆ, ನಿಧಾನ ಅಂತಿದ್ದಾರೆ ಅಂದುಕೊಂಡು ಕಾಲ ಹತ್ತಿರ ನೋಡಿದೆ. ಮೆಟ್ಟಿಲು ಇರಲಿಲ್ಲ. "ಹಾಗಲ್ಲ ಅಕ್ಕ" ಅಂದ ತಮ್ಮ. "ಮನೇಲಿ ಯಾರಾದ್ರೂ ಹೋದ್ರೆ ಹೀಗೇ ಹೇಳೋದು."

ಮಾರನೇ ದಿನ ಎನ್‌ಗೊರೊಂಗೊರೊ ಗೇಟಿನಲ್ಲಿ ನಮ್ಮ ಕಾರ್ಡ್ ನಡೆಯಲಿಲ್ಲ. ಅಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿಗೆ ಮೊದಲೇ ಎರಡು ಸಲ ಫೋನ್ ಮಾಡಿ ಹೊರದೇಶದಲ್ಲಿ ಬಳಸೋಕೆ ಆನ್ ಮಾಡಿಸಿದ್ದೆ, ಆನ್ ಆಗಿದೆ ಮೇಡಂ ಅಂದಿದ್ದರು. ಆಗಿರಲಿಲ್ಲ. ಒಂದೂವರೆ ಗಂಟೆ ಹೋಯಿತು. ಕೊನೆಗೆ ತಮ್ಮನ ಕಾರ್ಡೇ ಗತಿ. ಎರಡು ಬ್ಯಾಂಕಿನ ಕಾರ್ಡ್ ಇಟ್ಟುಕೊಂಡು ಹೋಗಿ, ಬೇರೇನೂ ಹೇಳಲ್ಲ. ಕೆಳಗೆ ಹಳೇ ಜ್ವಾಲಾಮುಖಿ ಕುಸಿದು ಆದ ಆ ದೊಡ್ಡ ಬೋಗುಣಿ, ಆರುನೂರು ಮೀಟರ್ ಆಳ, 260 ಚದರ ಕಿಲೋಮೀಟರ್. ಎಲ್ಲರೂ ಹೊಗಳಿದ್ದು ಸುಳ್ಳಲ್ಲ. ಊಟದ ಜಾಗದಲ್ಲಿ ಹದ್ದೊಂದು ನನ್ನ ಕೈಯಿಂದ ಚಪಾತಿ ಕಿತ್ತುಕೊಂಡು ಹೋಯಿತು. ಗಾಡಿಯ ಒಳಗೇ ಕೂತು ತಿನ್ನಿ.

ಸೆರೆಂಗೆಟಿಯಲ್ಲಿ ಮೂರು ದಿನ. ಸಿಂಹ, ಚಿರತೆ, ಒಂದು ಪಂಕ್ಚರ್. ಟೆಂಟಿನಲ್ಲಿ ಕಾಡಿಗೆ ಮುಖ ಮಾಡಿದ ಬಾತ್‌ಟಬ್ ಇತ್ತು, ಕುಡಿಯೋಕೆ ಮಾತ್ರ ಇನ್‌ಸ್ಟಂಟ್ ಕಾಫಿ ಪುಡಿ. ಇಂಥ ಕಾಫಿ ಬೆಳೆಯೋ ದೇಶದಲ್ಲಿ!

ವಾಪಸ್ ಬರುವಾಗ ಮತ್ತೆ ಅದೇ ತೋಟದಲ್ಲಿ ಒಂದು ರಾತ್ರಿ. ಊಟ ಮುಗಿಸಿ ಎದ್ದರೆ ಅಸ್ಕಾರಿ ಒಬ್ಬರೇ ಅಲ್ಲ, ಅಡುಗೆಮನೆಯ ಮೂವರು, ಗೇಟಿನ ಹುಡುಗ, ಎಲ್ಲ ನಿಂತಿದ್ದಾರೆ. ಅವರು ಕಥೆ ಹೇಳಿದ್ದಾರೆ, ಯಾರೂ ನಂಬಿಲ್ಲ. ಫೋನಿನಲ್ಲಿ ದಸರಾದ ವಿಡಿಯೋ ಹಾಕಿ ಕೊಟ್ಟೆ. ಅರ್ಜುನ ಅಂಬಾರಿ ಹೊತ್ತು ಬರ್ತಿದ್ದಾನೆ. 750 ಕಿಲೋ ಅಂದೆ. ಒಳಗೆ ರಾಜ ಇದ್ದಾನಾ ಅಂತ ಅಡುಗೆಯವಳು ಕೇಳಿದಳು. ಅಲ್ಲ, ಅಮ್ಮ, ದೇವಿ ಅಂದೆ. ಅಸ್ಕಾರಿ ಮಾತಾಡಲಿಲ್ಲ. ವಿಡಿಯೋ ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂತ ಬೆರಳಲ್ಲಿ ತೋರಿಸಿದರು. ಅದನ್ನು ತಮ್ಮನ ಫೋನಿಂದ ಅವರಿಗೆ ಕಳಿಸಿ ಬಂದೆವು.

ಹೋದ ವಾರ ತಮ್ಮ ಒಂದು ಫೋಟೋ ಕಳಿಸಿದ. ಕಾಫಿ ಗಿಡದ ನಡುವೆ ದೊಡ್ಡ ಹೆಜ್ಜೆ, ಒಡೆದ ನೀರಿನ ಪೈಪು, ಮೂರು ಬಂದಿದ್ದವು ಅಂತ ಅಸ್ಕಾರಿ ಬರೆದಿದ್ದಾರಂತೆ. ನಾನು ಏನೋ ಯೋಚನೆಯಲ್ಲಿ ಅದನ್ನು ನಮ್ಮೂರಿನ ಆನೆ ಗ್ರೂಪಿಗೆ ಹಾಕಿಬಿಟ್ಟೆ. ಎರಡು ನಿಮಿಷಕ್ಕೆ ದೊಡ್ಡಪ್ಪನ ಉತ್ತರ ಬಂತು: "ಯಾರ ತೋಟ? ಈಗ ಯಾವ ಕಡೆ ಹೋದ್ವು?"