ನನ್ನ ಜೀವ, ನನ್ನಿಷ್ಟ ಅಲ್ವಾ ಸಾರ್?

ಕೋಲಾರದಲ್ಲಿ ಡಿಗ್ರಿ ಹುಡುಗರಿಗೆ ರಾಜ್ಯಶಾಸ್ತ್ರ ಹೇಳುತ್ತಿದ್ದವನು ನಾನು. ಹಾಬ್ಸ್, ಲಾಕ್ ಎಂಬ ಹಳೇ ಇಂಗ್ಲಿಷ್ ಚಿಂತಕರ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ. ಈಗಲೂ ಮದುವೆಮನೆಯಲ್ಲಿ ಸಿಕ್ಕ ಹಳೇ ಹುಡುಗರು ಅದನ್ನೇ ಕೆದಕುತ್ತಾರೆ: "ಜೀವ ಉಳಿಸ್ಕೊಳ್ಳೋದು ಹಕ್ಕು, ಸರಿ. ಕರ್ತವ್ಯ ಹೆಂಗಾಗುತ್ತೆ?"

ಹಕ್ಕಾದರೆ ಬೇಡವೆಂದು ಬಿಡಬಹುದು, ಕರ್ತವ್ಯವನ್ನು ಬಿಡುವಂತಿಲ್ಲ. 1651ರ 'ಲೆವಯಾಥನ್' ಎಂಬ ಪುಸ್ತಕದಲ್ಲಿ ಹಾಬ್ಸ್ ಎರಡನ್ನೂ ಬಿಡಿಸಿಟ್ಟ. ಜೀವ ಕಾಯ್ದುಕೊಳ್ಳಲು ತನಗೆ ತೋಚಿದ್ದನ್ನು ಮಾಡುವ ಸ್ವಾತಂತ್ರ್ಯ ನಿಸರ್ಗದ ಹಕ್ಕು. ಜೀವಕ್ಕೆ ಎರವಾಗುವುದನ್ನು ಮಾಡಕೂಡದು ಎಂಬುದು ನಿಸರ್ಗದ ನಿಯಮ. ಲಾಕ್ ಇನ್ನೊಂದು ಹೆಜ್ಜೆ ಮುಂದೆ: ನೀನು ದೇವರ ಕೈಕೆಲಸ, ನಿನ್ನನ್ನು ನಾಶಮಾಡಿಕೊಳ್ಳುವ ಅಧಿಕಾರ ನಿನಗಿಲ್ಲ. ದೇವರನ್ನು ನಂಬದ ಹುಡುಗನಿಗೆ ಇದು ಹಿಡಿಸದು. ನನಗೂ ಪೂರ್ತಿ ಹಿಡಿಸಿಲ್ಲ.

(ನೊಂದು ಬದುಕೇ ಬೇಡವೆನ್ನುವವರ ಮುಂದೆ ಈ ವಾದ ಹೂಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಸರ್ಕಾರ ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.)

ನನಗೆ ವಿಷಯ ತಲೆಗೆ ಹತ್ತಿದ್ದು ನಮ್ಮ ತೋಟದ ಬಾವಿಯ ದಡದಲ್ಲಿ. ಬೇಸಿಗೆಯಲ್ಲಿ ಹೂಳೆತ್ತುವ ಮುಂಚೆ ತಾತ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಿದ್ದರು. ಒಂದು ವರ್ಷ ಅರ್ಧ ಬಾವಿ ದಾಟುತ್ತಲೇ ಕುಡಿ ಸಣ್ಣಗಾಗಿ, ಒಮ್ಮೆ ನೆಗೆದು, ಆರಿಹೋಯಿತು. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಮಡುಗಟ್ಟಿ, ಆಮ್ಲಜನಕ ಕಮ್ಮಿಯಾಗಿತ್ತು. ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ, ಉಸಿರು ಬಿಗಿಹಿಡಿದು ಇಳಿದುಬರ್ತೀನಿ ಅಂದರು. ಜೀವ ನಂದು ತಾನೇ ಅಂತಲೂ ಅಂದರು.

ತಾತ ರೇಗಿದರು. "ನಿಂದೇ ಕಣೋ. ನೀನು ಬಿದ್ರೆ ಈ ಹಗ್ಗ ಹಿಡಿದಿರೋನು ಸುಮ್ನೆ ನಿಂತಿರ್ತಾನಾ? ನಿನ್ನ ಹಿಂದೇನೇ ಇಳೀತಾನೆ. ಅವನ ಹಿಂದೆ ಅವನ ತಮ್ಮ."

ಪತ್ರಿಕೆಯಲ್ಲಿ ಬಾವಿ, ಗುಂಡಿಗಳ ದುರಂತ ಓದಿದಾಗೆಲ್ಲ ಈ ಮಾತು ನೆನಪಾಗುತ್ತದೆ. ಎತ್ತಲು ಹೋದವರೂ ಅಲ್ಲೇ ಬಿದ್ದಿರುತ್ತಾರೆ. ಲಾಕ್ ದೇವರಿಗೆ ಒಪ್ಪಿಸಿದ ಲೆಕ್ಕವನ್ನು ನಾನು ಹಗ್ಗ ಹಿಡಿದವನಿಗೆ ಒಪ್ಪಿಸುತ್ತೇನೆ. ಹಾಗಾದರೆ ಇನ್ನೊಬ್ಬರಿಗಾಗಿ ಇಳಿದವನದು ತಪ್ಪೇ? ಅಲ್ಲ. ಬರೀ ಬದುಕಿರುವುದಕ್ಕಿಂತ ದೊಡ್ಡ ಕೆಲಸಕ್ಕೆ ಲಾಕ್‌ನೇ ಜಾಗ ಬಿಟ್ಟಿದ್ದಾನೆ. ಅಗ್ನಿಶಾಮಕದವರು ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದೇ ಇಳಿಯುತ್ತಾರೆ, ಅವರನ್ನು ಯಾರೂ ಪುಕ್ಕಲರೆನ್ನುವುದಿಲ್ಲ. ಈಗ ಅವರನ್ನೇ ಕರೆಯಿರಿ. ದೀಪ ಉರಿದರೂ ವಿಷಗಾಳಿ ಇರಬಹುದು.

ಅವತ್ತು ಹೊಂಗೆ ಕೊಂಬೆ ಕಡಿದು, ಹಗ್ಗಕ್ಕೆ ಕಟ್ಟಿ, ತಳದ ಗಾಳಿ ಕಲಕಲೆಂದು ಮಧ್ಯಾಹ್ನದವರೆಗೂ ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿದ್ದಾಯಿತು. ಚಿಕ್ಕಪ್ಪ ಮುಖ ಊದಿಸಿಕೊಂಡೇ ಎಳೆದರು. ಮೂರನೇ ಸಲ ಇಳಿಸಿದ ಲಾಟೀನು ತಳದಲ್ಲೂ ಉರಿಯುತ್ತಿತ್ತು. ಆದರೂ ತಾತ ಅವರ ಸೊಂಟಕ್ಕೆ ಹಗ್ಗ ಬಿಗಿಯದೆ ಬಿಡಲಿಲ್ಲ.