ತುಮಕೂರಿನ ಎತ್ತರದಲ್ಲಿ ಗ್ಯಾಸ್ ಡಿಟೆಕ್ಟರ್‌ಗೆ ಝೀರೋ, ಸ್ಪ್ಯಾನ್ ಕೊಡುವುದು

ಚೆನ್ನೈನಲ್ಲಿ ಕ್ಯಾಲಿಬ್ರೇಟ್ ಆಗಿ (ಓದು ಸರಿಹೊಂದಿಸಿಕೊಂಡು) ಬಂದ ನಾಲ್ಕು ಗ್ಯಾಸಿನ ಡಿಟೆಕ್ಟರನ್ನು (ಆಮ್ಲಜನಕ, ಉರಿಯುವ ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅಳೆಯುವಂಥದ್ದು) ತುಮಕೂರಿನಲ್ಲಿ ಆನ್ ಮಾಡಿದ ಕೂಡಲೇ ಆಮ್ಲಜನಕ 19 ಎಂದು ತೋರಿಸಿ ಬಡಿದುಕೊಳ್ಳತೊಡಗಿದರೆ, ಸೆನ್ಸರ್ ಹೋಗಿದೆ ಅಂತ ವಾಪಸ್ ಕಳಿಸುವ ಮೊದಲು ಸ್ವಲ್ಪ ತಡೆಯಿರಿ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಸುಮಾರು 918 ಮಿಲಿಬಾರ್, ಕಡಲ ದಂಡೆಯಲ್ಲಿ 1013. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ. 20.9 ಆದರೂ ಅದರ ಒತ್ತಡ ಇಲ್ಲಿ ಕಮ್ಮಿ. ಒತ್ತಡವನ್ನೇ ಅಳೆಯುವ ಮೆಂಬ್ರೇನ್ ಮಾದರಿಯ ಸೆನ್ಸರ್ ಇದ್ದರೆ 20.9 × 918 ÷ 1013, ಅಂದರೆ ಸುಮಾರು 18.9 ತೋರಿಸುತ್ತದೆ. ಕೆಳ ಅಲಾರಂ 19.5ಕ್ಕೆ ಇರುವುದರಿಂದ ಅದು ಕೂಗಲೇಬೇಕು. ಇಲ್ಲಿನ ಶುದ್ಧ ಗಾಳಿಯಲ್ಲಿ ಹೊಸದಾಗಿ ಝೀರೋ ಕೊಟ್ಟರೆ, ಅಂದರೆ ಈ ಗಾಳಿಯಲ್ಲಿ ಆಮ್ಲಜನಕ 20.9, ಉಳಿದ ಗ್ಯಾಸ್ ಸೊನ್ನೆ ಎಂದು ಉಪಕರಣಕ್ಕೆ ಹೇಳಿಕೊಟ್ಟರೆ, ಸರಿಹೋಗುತ್ತದೆ. ಸಣ್ಣ ರಂಧ್ರದ ಮೂಲಕ ಗಾಳಿ ತೆಗೆದುಕೊಳ್ಳುವ ಕ್ಯಾಪಿಲರಿ ಮಾದರಿಗೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ನಿಮ್ಮಲ್ಲಿರುವುದು ಯಾವುದು ಎಂದು ಮ್ಯಾನುಯಲ್‌ನಲ್ಲಿ ನೋಡಿಟ್ಟುಕೊಳ್ಳಿ. ಮೆಂಬ್ರೇನ್ ಮಾದರಿಗೆ ಚಿಕ್ಕಬಳ್ಳಾಪುರದಲ್ಲಿ ಝೀರೋ ಕೊಟ್ಟು 1478 ಮೀಟರಿನ ನಂದಿಬೆಟ್ಟದ ಮೇಲಿನ ಟ್ಯಾಂಕ್ ಕೆಲಸಕ್ಕೆ ಒಯ್ದರೂ ಓದು 19.5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇನ್‌ಫ್ರಾರೆಡ್ ಕಾರ್ಬನ್ ಡೈಆಕ್ಸೈಡ್ ಸೆನ್ಸರ್‌ಗೂ ಎತ್ತರ ತಟ್ಟುತ್ತದೆ. ಒತ್ತಡದ ಸರಿಪಡಿಕೆ ಇಲ್ಲದ ಸೆನ್ಸರಾದರೆ ಕಡಲ ದಂಡೆಯಲ್ಲಿ ಹೊಂದಿಸಿದ್ದು ಇಲ್ಲಿ ಶೇ. 9ರಷ್ಟು ಕಮ್ಮಿ ಓದಬಹುದು.

ಗೋಡೆಗೆ ತೂಗುಹಾಕಿದ ಆರು ತಿಂಗಳ ಸರ್ಟಿಫಿಕೇಟ್ ಆಡಿಟ್‌ಗೆ ಬೇಕು, ನಿಜ. ಈ ಹೊತ್ತು ಮ್ಯಾನ್‌ಹೋಲಿಗೆ ಇಳಿಯುವವನ ಜೀವಕ್ಕೆ ಬೇಕಾಗಿರುವುದು ಈ ಹೊತ್ತು ಬೆಳಗ್ಗೆ, ಇದೇ ಊರಿನ ಗಾಳಿಯಲ್ಲಿ ಕೊಟ್ಟ ಝೀರೋ, ಅದರ ಬೆನ್ನಿಗೇ ಸಿಲಿಂಡರ್ ಗ್ಯಾಸಿನಲ್ಲಿ ಮಾಡಿದ ಬಂಪ್ ಟೆಸ್ಟ್, ಅಂದರೆ ಗ್ಯಾಸ್ ತಾಗಿಸಿ ಸೆನ್ಸರ್ ಸರಿಯಾಗಿ ಓದುತ್ತದೆಯೇ ಎಂದು ನೋಡುವ ಪರೀಕ್ಷೆ.

ಝೀರೋ ಕೊಡುವ ಜಾಗದಲ್ಲೇ ಹೆಚ್ಚು ಎಡವಟ್ಟು ಆಗುವುದು. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಪಂಪ್‌ಹೌಸಿನ ಒಳಗೆ, ಡಿಜಿ ಸೆಟ್ಟಿನ (ಡೀಸೆಲ್ ಜನರೇಟರ್) ಪಕ್ಕ, ಲಾರಿ ಆನ್ ಆಗಿ ನಿಂತಿರುವ ಗೇಟಿನ ಬಳಿ ಝೀರೋ ಒತ್ತಬೇಡಿ. ಮಾಲೂರಿನ ಕಡೆ ಇಟ್ಟಿಗೆ ಗೂಡು ಉರಿಯುತ್ತಿದ್ದರೆ, ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಒಲೆಗಳ ಹೊಗೆ ಬೀದಿಗೆ ಇಳಿದಿದ್ದರೆ, ಗಾಳಿ ಬರುವ ದಿಕ್ಕು ನೋಡಿ ಆಚೆ ನಡೆಯಿರಿ. ಕಾರಣ ಸರಳ ಲೆಕ್ಕ. ಸುತ್ತ 12 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 12 ಭಾಗ) ಕಾರ್ಬನ್ ಮೊನಾಕ್ಸೈಡ್ ಇರುವಾಗ ಝೀರೋ ಕೊಟ್ಟರೆ ಉಪಕರಣ ಆ 12ನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಆಮೇಲೆ ನಿಜವಾಗಿ 40 ಪಿಪಿಎಂ ಬಂದರೂ ಪರದೆಯ ಮೇಲೆ 28 ಕಾಣುತ್ತದೆ, 35ರ ಅಲಾರಂ ಬಾಯಿ ಬಿಡುವುದೇ ಇಲ್ಲ. ಹಲವು ಮಾಡೆಲ್‌ಗಳು ಸಣ್ಣ ಮೈನಸ್ ಓದನ್ನು ಮರೆಮಾಚಿ ಸೊನ್ನೆ ಎಂದೇ ತೋರಿಸುವುದರಿಂದ ಈ ತಪ್ಪು ಸಿಕ್ಕಿಬೀಳುವುದೂ ಕಷ್ಟ. ಆಮ್ಲಜನಕ ಕಮ್ಮಿ ಇರುವ ಕಡೆ ಝೀರೋ ಒತ್ತಿದರೆ ಇನ್ನೂ ಕೆಟ್ಟದು: ಉಸಿರಾಡಲಾಗದ ಗಾಳಿಯನ್ನು ಉಪಕರಣ 20.9 ಎಂದು ನಂಬಿಬಿಡುತ್ತದೆ. ಒಳ್ಳೆಯ ಗಾಳಿ ಸಿಗದ ಕಾರ್ಖಾನೆಯಲ್ಲಿ ಝೀರೋ ಏರ್ ಸಿಲಿಂಡರ್ ಇಟ್ಟುಕೊಳ್ಳುವುದೇ ಮೇಲು.

ಸ್ಪ್ಯಾನ್‌ಗೆ, ಅಂದರೆ ಗೊತ್ತಿರುವ ಪ್ರಮಾಣದ ಗ್ಯಾಸ್ ಬಿಟ್ಟು ಓದನ್ನು ಅದಕ್ಕೆ ಹೊಂದಿಸುವುದಕ್ಕೆ, ಸಾಮಾನ್ಯವಾಗಿ ಸಿಗುವ ನಾಲ್ಕು ಗ್ಯಾಸಿನ ಮಿಶ್ರಣ ಹೀಗಿರುತ್ತದೆ: ಹೈಡ್ರೋಜನ್ ಸಲ್ಫೈಡ್ 25 ಪಿಪಿಎಂ, ಕಾರ್ಬನ್ ಮೊನಾಕ್ಸೈಡ್ 100 ಪಿಪಿಎಂ, ಮೀಥೇನ್ ಶೇ. 2.5, ಆಮ್ಲಜನಕ ಶೇ. 18, ಉಳಿದದ್ದು ನೈಟ್ರೋಜನ್. ಸಲ್ಫೈಡ್ ಇರುವುದರಿಂದ ಸಿಲಿಂಡರ್ ಅಲ್ಯೂಮಿನಿಯಂನದೇ ಆಗಿರಬೇಕು, ಉಕ್ಕಿನ ಗೋಡೆ ಅದನ್ನು ಮೆಲ್ಲಗೆ ತಿಂದುಹಾಕುತ್ತದೆ. ಲೇಬಲ್ ಮೇಲಿನ ಎಕ್ಸ್‌ಪೈರಿ ದಿನಾಂಕವನ್ನು ಔಷಧಿಯದ್ದರಂತೆ ಗೌರವಿಸಿ. ಅವಧಿ ಮುಗಿದ ಸಿಲಿಂಡರಿನಲ್ಲಿ ಸಲ್ಫೈಡ್ 25 ಇರದೆ 18ಕ್ಕೆ ಇಳಿದಿದ್ದರೂ ನೀವು ಉಪಕರಣಕ್ಕೆ ಅದನ್ನು 25 ಎಂದು ಹೇಳಿಕೊಟ್ಟಂತಾಗುತ್ತದೆ. 58 ಲೀಟರಿನ ಸಿಲಿಂಡರ್, ನಿಮಿಷಕ್ಕೆ 0.5 ಲೀಟರ್ ಬಿಡುವ ರೆಗ್ಯುಲೇಟರ್ ಇದ್ದರೆ ಒಟ್ಟು 116 ನಿಮಿಷ ಗ್ಯಾಸ್ ಸಿಗುತ್ತದೆ. ಒಂದು ಪೂರ್ತಿ ಕ್ಯಾಲಿಬ್ರೇಶನ್‌ಗೆ ಎರಡರಿಂದ ಮೂರು ನಿಮಿಷ ಹಿಡಿಯಿರಿ. ಕೆಲಸ ಮುಗಿದ ಮೇಲೆ ರೆಗ್ಯುಲೇಟರನ್ನು ಸಿಲಿಂಡರಿನಲ್ಲೇ ಬಿಟ್ಟರೆ ಸಣ್ಣ ಸೋರಿಕೆಯಲ್ಲಿ ವಾರದೊಳಗೆ ಖಾಲಿಯಾಗಬಹುದು, ಬಿಚ್ಚಿಡಿ.

ಪಂಪ್ ಇರುವ ಉಪಕರಣಕ್ಕೆ 0.5ರ ರೆಗ್ಯುಲೇಟರನ್ನು ನೇರವಾಗಿ ಸಿಕ್ಕಿಸಬಾರದು. ಪಂಪು ಅದಕ್ಕಿಂತ ಹೆಚ್ಚು ಎಳೆದರೆ ಒಳಗೆ ನಿರ್ವಾತವಾಗುತ್ತದೆ, ಕಮ್ಮಿ ಎಳೆದರೆ ಒತ್ತಡ ಏರುತ್ತದೆ. ಪಂಪಿಗೆ ಬೇಕಾದಷ್ಟೇ ಬಿಡುವ ಡಿಮ್ಯಾಂಡ್ ಫ್ಲೋ ರೆಗ್ಯುಲೇಟರ್ ತೆಗೆದುಕೊಳ್ಳಿ. ಅದಿಲ್ಲದಿದ್ದರೆ ಪಂಪ್ ಎಳೆಯುವುದಕ್ಕಿಂತ ಹೆಚ್ಚು ಹರಿವಿನ ರೆಗ್ಯುಲೇಟರ್ ಹಾಕಿ, ನಡುವೆ ಟಿ ಆಕಾರದ ಒಂದು ಕೊಳವೆ ಜೋಡಿಸಿ, ಮಿಕ್ಕಿದ ಗ್ಯಾಸ್ ಹೊರಹೋಗಲು ಬಿಡಿ. ಪೈಪು ಟೆಫ್ಲಾನ್ ಒಳಪದರದ್ದಾಗಿರಲಿ, ಆದಷ್ಟು ಗಿಡ್ಡವಾಗಿರಲಿ. ಅಂಗಡಿಯಲ್ಲಿ ಸಿಕ್ಕಿದ ರಬ್ಬರ್ ಪೈಪು ಸಲ್ಫೈಡನ್ನು ಹೀರಿಕೊಂಡು ಓದನ್ನು ಕೆಳಗೆ ಎಳೆಯುತ್ತದೆ.

ಇನ್ನು ಕ್ರಮ. ಏಸಿ ರೂಮಿನಿಂದ ಬಿಸಿಲಿಗೆ ತಂದ ಉಪಕರಣವನ್ನು 15-20 ನಿಮಿಷ ಹಾಗೇ ಆನ್ ಮಾಡಿ ಇಡಿ, ಸೆನ್ಸರ್‌ಗಳ ಬಿಸಿ ಒಂದು ಹದಕ್ಕೆ ಬರಲಿ. ಮೊದಲು ಝೀರೋ, ಆಮೇಲೆ ಸ್ಪ್ಯಾನ್. ಇದನ್ನು ತಿರುಗುಮುರುಗು ಮಾಡಿದರೆ ಸ್ಪ್ಯಾನ್ ದಂಡ. ಸೆನ್ಸರ್‌ಗಳ ಮೇಲೆ ಗ್ಯಾಸ್ ಹಾಯಿಸುವ ಕ್ಯಾಪ್ ಬಿಗಿಯಾಗಿ ಕೂರಿಸಿ, ಬಾಗಿಲು ತೆರೆದ ಶೆಡ್ಡಿನ ಒಳಗೆ, ಗಾಳಿ ನೇರವಾಗಿ ಬಡಿಯದ ಕಡೆ ಗ್ಯಾಸ್ ಬಿಡಿ. ನಮ್ಮ ಕಡೆಯ ಆಷಾಢದ ಗಾಳಿಗೆ ಸಡಿಲ ಕ್ಯಾಪ್ ಸಿಕ್ಕಿದರೆ ಗ್ಯಾಸ್ ತೆಳುವಾಗುತ್ತದೆ. ಉಪಕರಣ ಅದು ತಿಳಿಯದೆ ಗೇನ್ (ಸೆನ್ಸರಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿಕೊಳ್ಳುತ್ತದೆ, ಆಮೇಲೆ ದಿನವಿಡೀ ಹೆಚ್ಚು ಓದುತ್ತದೆ.

ಗ್ಯಾಸ್ ಬಿಟ್ಟ ಕ್ಷಣದಿಂದ ಮೊಬೈಲಿನ ಸ್ಟಾಪ್‌ವಾಚ್ ಓಡಿಸಿ. ಆಮ್ಲಜನಕ, ಮೀಥೇನ್ ಬೇಗ ನಿಲ್ಲುತ್ತವೆ. ಮೊನಾಕ್ಸೈಡ್, ಸಲ್ಫೈಡ್ ಇನ್ನೊಂದಿಷ್ಟು ಹೊತ್ತು ಕೇಳುತ್ತವೆ. ಕೊನೆಗೆ ಎಷ್ಟು ತೋರಿಸಿತು ಎನ್ನುವಷ್ಟೇ ಮುಖ್ಯ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದು. ಸೆನ್ಸರ್ ಸೊರಗಿದಂತೆಲ್ಲ ಒಳಗಿನ ಚಿಪ್ ಗೇನ್ ಏರಿಸಿ ಅಂಕಿಯನ್ನು ಸರಿದೂಗಿಸುತ್ತದೆ, ಆದರೆ ನಿಧಾನವನ್ನು ಮುಚ್ಚಲು ಅದಕ್ಕೆ ಬರುವುದಿಲ್ಲ. ಮುಂಚೆ 30 ಸೆಕೆಂಡಿಗೆ ಏರುತ್ತಿದ್ದದ್ದು ಈಗ 70 ತೆಗೆದುಕೊಂಡರೆ ಪಾಸ್ ಎಂದು ಬಂದರೂ ಹೊಸ ಸೆನ್ಸರ್ ತರಿಸಿ. ಅದಕ್ಕೂ ಮೊದಲು ಮುಂದಿನ ಫಿಲ್ಟರನ್ನು ಬದಲಿಸಿ ನೋಡಿ. ಧೂಳು, ತೇವ ಕಟ್ಟಿದ ಫಿಲ್ಟರೂ ಇದೇ ಲಕ್ಷಣ ತೋರಿಸುತ್ತದೆ. ಬಂಪ್ ಟೆಸ್ಟಿನಲ್ಲಿ ಓದು ಸಿಲಿಂಡರಿನ ಲೇಬಲ್ ಮೇಲಿನ ಅಂಕಿಯಿಂದ ಶೇ. 10ರ ಒಳಗೆ ಇರಬೇಕು ಎನ್ನುವುದು ಸಾಮಾನ್ಯ ಅಳತೆ: 100ಕ್ಕೆ 90ರಿಂದ 110, 25ಕ್ಕೆ 22.5ರಿಂದ 27.5. ಅದು ದಾಟಿದರೆ ಪೂರ್ತಿ ಕ್ಯಾಲಿಬ್ರೇಶನ್.

ಉರಿಯುವ ಗ್ಯಾಸಿನ ಸೆನ್ಸರ್ ಬಗ್ಗೆ ಎಷ್ಟು ಹೇಳಿದರೂ ಕಮ್ಮಿಯೇ. ಅದರೊಳಗೆ ಪ್ಲಾಟಿನಂ ತಂತಿಯ ಸುತ್ತ ಎರಡು ಸಣ್ಣ ಮಣಿಗಳಿವೆ. ಒಂದರ ಮೇಲೆ ಗ್ಯಾಸ್ ಉರಿದು ಬಿಸಿಯಾಗುತ್ತದೆ, ಇನ್ನೊಂದು ಹೋಲಿಕೆಗೆ. ಉರಿಯಲು ಆಮ್ಲಜನಕ ಬೇಕು. ಹಾಗಾಗಿ ನೈಟ್ರೋಜನ್ ತುಂಬಿಸಿದ ಟ್ಯಾಂಕಿನಲ್ಲಿ ಇದರ ಓದಿಗೆ ಅರ್ಥವಿಲ್ಲ, ಗ್ಯಾಸ್ ವಿಪರೀತ ದಟ್ಟವಾಗಿದ್ದಾಗ ಮೇಲೇರಿದ ಓದು ಮತ್ತೆ ಸೊನ್ನೆಯತ್ತ ಬೀಳುವುದೂ ಇದೇ ಕಾರಣಕ್ಕೆ. ಈ ಮಣಿಗಳಿಗೆ ವಿಷ ಸಿಲಿಕೋನ್. ಡ್ಯಾಶ್‌ಬೋರ್ಡ್ ಪಾಲಿಶ್, ಮೋಲ್ಡ್ ಬಿಡಿಸುವ ಸ್ಪ್ರೇ, ಕೆಲವು ಗ್ರೀಸು, ಕೈಗೆ ಹಚ್ಚುವ ಕ್ರೀಮು, ಯಾವುದರ ಆವಿ ತಾಗಿದರೂ ಮಣಿ ಕುರುಡಾಗುತ್ತದೆ. ಪ್ಲಾಸ್ಟಿಕ್ ಮೋಲ್ಡಿಂಗ್ ಇರುವ ಕಾರ್ಖಾನೆಯಲ್ಲಿ ಡಿಟೆಕ್ಟರನ್ನು ಟೂಲ್ ರೂಮಿನ ಕಪಾಟಿನಲ್ಲಿ ಇಡಲೇಬೇಡಿ. ಹೀಗೆ ಕೆಟ್ಟ ಮಣಿ ಮೊದಲು ಕಳೆದುಕೊಳ್ಳುವುದು ಮೀಥೇನ್ ಗುರುತಿಸುವ ಶಕ್ತಿಯನ್ನು. ಬೇರೆ ಗ್ಯಾಸಿಗೆ ಇನ್ನೂ ಚೆನ್ನಾಗಿಯೇ ಓದುತ್ತಿರುತ್ತದೆ. ಆದ್ದರಿಂದ ಉಪಕರಣದಲ್ಲಿ ಪೆಂಟೇನ್ ಸ್ಕೇಲ್ (ಪೆಂಟೇನ್ ಎಂಬ ಉರಿಯುವ ಗ್ಯಾಸಿನ ಲೆಕ್ಕದಲ್ಲಿ ಅಂಕಿ ತೋರಿಸುವುದು) ಇದ್ದರೂ ಪರೀಕ್ಷೆಗೆ ಮೀಥೇನ್ ಇರುವ ಸಿಲಿಂಡರನ್ನೇ ಬಳಸಿ.

ಇಲ್ಲೇ ಇನ್ನೊಂದು ಗೊಂದಲ. ಸಿಲಿಂಡರಿನ ಶೇ. 2.5 ಮೀಥೇನ್ ಎಂದರೆ ಶೇಕಡಾ ಎಷ್ಟು ಎಲ್‌ಇಎಲ್, ಅಂದರೆ ಗ್ಯಾಸ್ ಗಾಳಿಯಲ್ಲಿ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ (ಕೆಳ ಸ್ಫೋಟ ಮಿತಿ) ಎಷ್ಟು ಪಾಲು? ಕೆಳ ಸ್ಫೋಟ ಮಿತಿಯನ್ನು ಶೇ. 5 ಎಂದು ಹಿಡಿದರೆ 50. ಅಂತರರಾಷ್ಟ್ರೀಯ ಐಇಸಿ ಮಾನದಂಡದ ಶೇ. 4.4 ಹಿಡಿದರೆ 57. ಉಪಕರಣದ ಮೆನುವಿನಲ್ಲಿ ಯಾವುದಿದೆ ಎಂದು ನೋಡಿ, ಅದಕ್ಕೆ ತಕ್ಕ ಅಂಕಿಯನ್ನೇ ಸ್ಪ್ಯಾನ್‌ಗೆ ಹಾಕಿ.

ಮೊನಾಕ್ಸೈಡ್ ಸೆನ್ಸರ್ ಹೈಡ್ರೋಜನ್‌ಗೂ ಓಗೊಡುತ್ತದೆ. ನರಸಾಪುರ, ವೇಮಗಲ್ ಕಡೆಯ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವ ಕೋಣೆಯಲ್ಲಿ ಮೊನಾಕ್ಸೈಡ್ ಅಲಾರಂ ಬಂದರೆ ಕ್ಯಾಲಿಬ್ರೇಶನ್ ತಪ್ಪಿದೆ ಎಂದುಕೊಳ್ಳಬೇಡಿ, ಮೊದಲು ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯೇ ನೋಡಿ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಅದೇ ಕೈಯಲ್ಲಿ ಡಿಟೆಕ್ಟರ್ ಹಿಡಿದರೂ ಅಂಕಿ ಜಿಗಿಯುತ್ತದೆ.

ಎಷ್ಟೇ ಚೆನ್ನಾಗಿ ಕ್ಯಾಲಿಬ್ರೇಟ್ ಮಾಡಿದರೂ ಈ ನಾಲ್ಕು ಗ್ಯಾಸಿನ ಉಪಕರಣಕ್ಕೆ ಕಾಣದ ಒಂದು ಗ್ಯಾಸಿದೆ, ಕಾರ್ಬನ್ ಡೈಆಕ್ಸೈಡ್. ಕೋಲಾರದ ಹಳ್ಳಿಗಳಲ್ಲಿ ಹಾಳುಬಿದ್ದ ತೆರೆದ ಬಾವಿಗೆ ಮೋಟರ್ ಎತ್ತಲು ಇಳಿಯುವವರಿಗೆ ಇದನ್ನು ಒತ್ತಿ ಹೇಳಬೇಕು. ಬಾವಿಯ ತಳದಲ್ಲಿ ಶೇ. 5ರಷ್ಟು ಕಾರ್ಬನ್ ಡೈಆಕ್ಸೈಡ್ ಹೊರಗಿನಿಂದ ಸೇರಿಕೊಂಡು ಗಾಳಿಯನ್ನು ತಳ್ಳಿದ್ದರೆ ಆಮ್ಲಜನಕ 20.9ರಿಂದ ಸುಮಾರು 19.9ಕ್ಕೆ ಮಾತ್ರ ಇಳಿಯುತ್ತದೆ. ಅಲಾರಂ ಇಲ್ಲ. ಆದರೆ ಕಾರ್ಬನ್ ಡೈಆಕ್ಸೈಡ್ ಶೇ. 4 ದಾಟಿದರೆ ಪ್ರಾಣಕ್ಕೇ ಅಪಾಯ. ಬಾವಿ ಕೆಲಸಕ್ಕೆ ಇನ್‌ಫ್ರಾರೆಡ್ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಇರುವ ಐದು ಗ್ಯಾಸಿನ ಮಾಡೆಲ್ಲೇ ಬೇಕು. ಅದಕ್ಕೆ ಬೇರೆ ಸಿಲಿಂಡರ್, ಮತ್ತು ಝೀರೋಗೆ ನೈಟ್ರೋಜನ್, ಯಾಕೆಂದರೆ ಹೊರಗಿನ ಗಾಳಿಯಲ್ಲೇ 400 ಪಿಪಿಎಂಗಿಂತ ಹೆಚ್ಚಿದೆ.

ದಾಖಲೆ ಬರೆಯುವಾಗ ಅಡ್ಜಸ್ಟ್ ಮಾಡುವ ಮೊದಲಿನ ಓದನ್ನು ಮೊದಲು ಬರೆಯಿರಿ. ಬಹುಪಾಲು ರಿಜಿಸ್ಟರ್‌ಗಳಲ್ಲಿ ಆ ಕಾಲಂ ಖಾಲಿ ಇರುತ್ತದೆ, ಇಲ್ಲವೇ ಎಲ್ಲ ಸಾಲಿಗೂ 25, 100, 50, 18 ಎಂದು ಅಚ್ಚು ಹಾಕಿದಂತೆ ತುಂಬಿರುತ್ತದೆ. ಸಿಲಿಂಡರ್ ಲಾಟ್ ನಂಬರ್, ಎಕ್ಸ್‌ಪೈರಿ, ಏರಲು ಹಿಡಿದ ಸೆಕೆಂಡು, ಝೀರೋ ಕೊಟ್ಟ ಜಾಗ, ಇಷ್ಟೂ ಒಂದೇ ಸಾಲಿನಲ್ಲಿ ಬರಲಿ. ಅಡ್ಜಸ್ಟ್‌ಗೆ ಮೊದಲು 25ರ ಗ್ಯಾಸಿಗೆ ಸಲ್ಫೈಡ್ ಸೆನ್ಸರ್ 12 ಎಂದಿದ್ದರೆ ಹಿಂದಿನ ಸಲ ಪಾಸಾದ ದಿನದಿಂದ ಇವತ್ತಿನವರೆಗೆ ಅದೇ ಉಪಕರಣ ನಂಬಿ ಕೊಟ್ಟ ಪರ್ಮಿಟ್‌ಗಳನ್ನೆಲ್ಲ ತೆಗೆದು ನೋಡಿ, ಆ ದಿನಗಳಲ್ಲಿ ಸಂಪಿನೊಳಗೆ ಇಳಿದವರನ್ನು ಕರೆದು ತಲೆನೋವು, ಕಣ್ಣುರಿ ಇತ್ತೇ ಎಂದು ಕೇಳಿ.