ಜಾವಾಕ್ಕೆ ಹೋದರೆ ಕಾರ್ಸ್ಟನ್ ಕಟ್ಟಿದ ಸಂತೆಗಳನ್ನೂ ನೋಡಿ ಬನ್ನಿ

ಇಂಡೋನೇಷ್ಯಾದ ಜಾವಾಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಬೊರೊಬುದುರ್ ಸ್ತೂಪ, ಪ್ರಂಬನನ್ ದೇವಾಲಯ ನೋಡಿ ವಾಪಸ್ ಬರುತ್ತಾರೆ. ಅವನ್ನು ನೋಡಲೇಬೇಕು, ಬಿಡಿ. ಆದರೆ ಊರು, ಕಟ್ಟಡ, ಮಾರ್ಕೆಟ್ಟು ಇವೆಲ್ಲ ನಿಮಗೆ ಇಷ್ಟ ಅಂದರೆ ಇನ್ನೂ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಥಾಮಸ್ ಕಾರ್ಸ್ಟನ್ ಅನ್ನುವ ಡಚ್ ವಾಸ್ತುಶಿಲ್ಪಿಯ ಕೆಲಸ ನೋಡಬಹುದು.

ಕಾರ್ಸ್ಟನ್ 1884ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದವರು. ಡೆಲ್ಫ್ಟ್‌ನಲ್ಲಿ ಜೊತೆಗೆ ಓದಿದ ಹೆನ್ರಿ ಮಕ್ಲೇನ್ ಪಾಂಟ್ ಕರೆದರು ಅಂತ 1914ರಲ್ಲಿ ಜಾವಾದ ಸೆಮರಾಂಗ್ ಊರಿಗೆ ಬಂದರು. ಅಲ್ಲೇ ಮದುವೆಯಾದರು, ಅಲ್ಲೇ ಉಳಿದರು. ಆಗ ಜಾವಾವನ್ನು ಆಳುತ್ತಿದ್ದ ಡಚ್ಚರ ಕಡೆಯಿಂದ ಬಂದವರಾದರೂ ಬಿಳಿಯರಿಗೊಂದು ಬಡಾವಣೆ, ಸ್ಥಳೀಯರಿಗೊಂದು ಬಡಾವಣೆ ಅಂತ ಊರನ್ನು ಒಡೆಯುವುದನ್ನು ಒಪ್ಪಲಿಲ್ಲ. ಅವರನ್ನು ನಾನು ಮೆಚ್ಚುವುದು ಇದಕ್ಕೇ. 1945ರಲ್ಲಿ, ಜಪಾನೀಯರ ಬಂಧನ ಶಿಬಿರವೊಂದರಲ್ಲಿ ತೀರಿಕೊಂಡರು.

ಸೆಮರಾಂಗ್‌ನಿಂದಲೇ ಶುರು ಮಾಡಿ. ಹಳೇ ಪೇಟೆ ಕೋಟಾ ಲಾಮಾದಲ್ಲಿ ಬ್ಲೆಂಡುಕ್ ಚರ್ಚಿನ ಎದುರಿಗೇ ಅವರು ಕಟ್ಟಿದ ವಿಮಾ ಕಂಪನಿಯ ಕಟ್ಟಡ ಇದೆ. ಹೊರಗಿಂದ ನೋಡಿದರೆ ಸಾಕು. ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಾದ್ದು ಅವರದೇ ಜೋಹರ್ ಮಾರ್ಕೆಟ್‌ಗೆ. ಇಲ್ಲಿಗೆ ಉರಿಬಿಸಿಲಿನಲ್ಲೇ ಹೋಗಿ ಅನ್ನುತ್ತೇನೆ. ಎಂಟು ಮೂಲೆಯ ಕಾಂಕ್ರೀಟ್ ಕಂಬಗಳು ಮೇಲೆ ಹೋದಂತೆ ಅಣಬೆಯ ಹಾಗೆ ಅಗಲವಾಗಿ ಚಾವಣಿಯನ್ನು ಹೊತ್ತಿವೆ. ಚಾವಣಿ ಒಂದೇ ಮಟ್ಟದಲ್ಲಿಲ್ಲ. ಅಲ್ಲಲ್ಲಿ ಎತ್ತರಿಸಿ, ನಡುವೆ ಸಂದು ಬಿಟ್ಟಿದ್ದಾರೆ. ಬಿಸಿಗಾಳಿ ಆ ಸಂದಿನಿಂದ ಹೊರಗೆ ಹೋಗುತ್ತದೆ, ಬೆಳಕು ಒಳಗೆ ಬರುತ್ತದೆ. ಹೊರಗೆ ಬೆವರು ಸುರಿಯುತ್ತಿರುವಾಗ ಒಳಗೆ ಬಂದು ಕಂಬದ ಪಕ್ಕ ನಿಂತರೆ ತಕ್ಷಣ ಗೊತ್ತಾಗುತ್ತದೆ. 2015ರ ಬೆಂಕಿಯಲ್ಲಿ ಇದು ಕೆಟ್ಟದಾಗಿ ಸುಟ್ಟಿತ್ತು. ಈಗ ದುರಸ್ತಿ ಮಾಡಿದ್ದಾರೆ.

ಸಂಜೆ ಬಿಡುವಿದ್ದರೆ ಸೊಬೊಕಾರ್ಟಿ ರಂಗಮಂದಿರಕ್ಕೂ ಹೋಗಿ. ಜಾವಾದ ಪೆಂಡೊಪೊ ಮಂಟಪಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ ಸೇರಿಸಿದ್ದಾರೆ. ಊರಿನ ಉತ್ತರ ಭಾಗಕ್ಕೆ ಕೆಲವೊಮ್ಮೆ ಸಮುದ್ರದ ನೀರು ನುಗ್ಗುತ್ತದೆ. ಅದಕ್ಕೇ ಚಪ್ಪಲಿ ಹಾಕಿಕೊಳ್ಳಿ, ಶೂ ಬೇಡ.

ಅಲ್ಲಿಂದ ರೈಲಿನಲ್ಲಿ ಸೋಲೋಗೆ. ಟಿಕೆಟ್‌ಗಳನ್ನು ರೈಲ್ವೆಯವರ ಆ್ಯಪ್‌ನಲ್ಲಿ ಮೊದಲೇ ತೆಗೆದುಕೊಳ್ಳಿ, ವಾರಾಂತ್ಯದಲ್ಲಿ ಬೇಗ ತುಂಬುತ್ತವೆ. ಸೋಲೋದಲ್ಲಿ ಕಾರ್ಸ್ಟನ್ ಕಟ್ಟಿದ ಇನ್ನೊಂದು ಸಂತೆ, 1930ರ ಪಸಾರ್ ಗೆಡೆ ಇದೆ. ಇಲ್ಲಿಗೆ ಮಾತ್ರ ಬೆಳಿಗ್ಗೆ ಬೇಗ ಹೋಗಬೇಕು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರು ಹೊರೆ ಹೊತ್ತು ಬರುವ ಹೊತ್ತು ಅದು. ಮಳೆ ಬಂದರೂ ಬಾಗಿಲಲ್ಲಿ ನಿಂತು ಚೌಕಾಸಿ ಮಾಡಬಹುದು, ಮುಂದಿನ ಚಾವಣಿ ಅಷ್ಟು ಅಗಲ. ಕಟ್ಟಿಸಿದವರ ಕಣ್ಣು ಹೊರೆ ಹೊರುವವರ ಮೇಲಿತ್ತು ಅನ್ನುವುದು ಇಲ್ಲಿ ಕಾಣುತ್ತದೆ ಅಲ್ವಾ? ಸುಮ್ನೆ ಫೋಟೋ ತೆಗೆದು ಹೊರಡಬೇಡಿ. ಕೂತು ಒಂದು ಬಟ್ಟಲು ದಾವೆತ್ ತೆಲಾಸಿಹ್ ಕುಡಿಯಿರಿ. ಕಾಮಕಸ್ತೂರಿ ಬೀಜ, ತೆಂಗಿನ ಹಾಲು ಹಾಕಿದ ತಣ್ಣನೆ ಸಿಹಿ ಅದು.

ಸಸ್ಯಾಹಾರಿಗಳಿಗೆ ಒಂದು ಮಾತು. ಸೊಪ್ಪು ತರಕಾರಿಯ ಪೆಚೆಲ್, ಗಾಡೊ ಗಾಡೊ, ಸೋಯಾ ಕಾಳಿನ ತೆಂಪೆ ಎಲ್ಲ ಕಡೆ ಸಿಗುತ್ತವೆ. ಆದರೆ ಚಟ್ನಿಯಲ್ಲಿ ತೆರಾಸಿ ಅನ್ನುವ ಸಿಗಡಿಯ ಪೇಸ್ಟ್ ಇರುವುದು ಸಾಮಾನ್ಯ. ‘ತನ್ಪಾ ತೆರಾಸಿ’ ಅಂದರೆ ತೆರಾಸಿ ಬೇಡ ಅಂತ ತಿಳಿದುಕೊಳ್ಳುತ್ತಾರೆ. ಆದರೂ ಕೇಳಿಯೇ ತಿನ್ನಿ.

ಸೋಲೋದಿಂದ ಯೋಗ್ಯಕರ್ತಕ್ಕೆ ಲೋಕಲ್ ರೈಲು ಇದೆ. ಒಂದು ಗಂಟೆ ಚಿಲ್ಲರೆ ದಾರಿ. ಅಲ್ಲಿ ಅರಮನೆಯ ಹತ್ತಿರವೇ 1935ರ ಸೊನೊಬುದೊಯೊ ಮ್ಯೂಸಿಯಂ ಇದೆ. ಇದನ್ನೂ ಕಾರ್ಸ್ಟನ್ ಜಾವಾದವರ ಮನೆಯ ರೂಪದಲ್ಲೇ ಕಟ್ಟಿದ್ದಾರೆ. ಸೋಮವಾರ ರಜೆ, ಅದನ್ನು ನೋಡಿಕೊಂಡು ದಿನ ಹೊಂದಿಸಿಕೊಳ್ಳಿ.

ಮೇಯಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ. ಭಾರತೀಯರಿಗೆ ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತದೆ, ಆದರೂ ಹೊರಡುವ ಮುಂಚೆ ನಿಯಮ ಬದಲಾಗಿದೆಯಾ ನೋಡಿಕೊಳ್ಳಿ. ಇನ್ನೂ ಸಮಯ ಉಳಿದರೆ ಮಲಾಂಗ್‌ಗೆ ಹೋಗಿ. ಆ ಊರಿನ ಯೋಜನೆಯಲ್ಲೂ ಕಾರ್ಸ್ಟನ್ ಕೈ ಇದೆ. ತಾಳೆ ಸಾಲಿನ ಇಜೆನ್ ರಸ್ತೆಯಲ್ಲಿ ಬೆಳಿಗ್ಗೆ ನಡೆದಾಡುವುದು ಚೆನ್ನ. ಸಮಯ ಕಡಿಮೆ ಇದ್ದರೆ ಮಲಾಂಗ್ ಬಿಡಿ, ಸೆಮರಾಂಗ್ ಬಿಡಬೇಡಿ.